ಮಿದುಳುಕಾಂಡದ ಪಾರ್ಶ್ವವಾಯು

ಪಾರ್ಶ್ವವಾಯು ಎಂದೊಡನೆ ಒಂದು ಬದಿಯ ಕೈಕಾಲು ಸ್ವಾಧೀನ ತಪ್ಪುವುದು, ಬಾಯಿ ಸೊಟ್ಟಗಾಗುವುದು ನಮ್ಮ ನೆನಪಿಗೆ ಬರುತ್ತದೆ. ಆದರೆ ಕೈಕಾಲುಗಳ ಬಲ ಕುಂದದೆಯೂ ಪಾರ್ಶ್ವವಾಯು ತಗುಲಬಹುದು. ಮಿದುಳನ್ನು ಬೆನ್ನುಹುರಿಗೆ ಜೋಡಿಸುವ ಮಿದುಳುಕಾಂಡವು ಗಾತ್ರದಲ್ಲಿ ಹೆಬ್ಬೆರಳಿನಷ್ಟು. ಉಸಿರಾಟ, ನುಂಗುವಿಕೆ, ಕಣ್ಣಿನ ಚಲನೆ, ಎಚ್ಚರ ಇವೆಲ್ಲಕ್ಕೂ ಅದೇ ಆಧಾರ.

ಅಲ್ಲಿಯ ಒಂದು ಪಕ್ಕಕ್ಕೆ ರಕ್ತ ನಿಂತಾಗ ಉಂಟಾಗುವ ಲಕ್ಷಣಸಮೂಹವನ್ನು ಜರ್ಮನ್ ವೈದ್ಯ ವಾಲೆನ್‌ಬರ್ಗ್ 1895ರಲ್ಲಿ ವಿವರಿಸಿದರು. ಹಠಾತ್ ತಲೆಸುತ್ತು, ವಾಂತಿ, ಒಡೆದ ಧ್ವನಿ, ಬಿಡದ ಬಿಕ್ಕಳಿಕೆ, ಜೋಲುವ ಒಂದು ರೆಪ್ಪೆ. ಮುಖದ ಎಡಭಾಗದಲ್ಲಿ ಬಿಸಿ-ನೋವುಗಳ ಅರಿವು ಹೋದರೆ ಮೈಯಲ್ಲಿ ಬಲಭಾಗದ್ದು ಹೋಗುತ್ತದೆ! ಕೈಕಾಲು ಆಡುತ್ತಿರುವುದರಿಂದ ಮನೆಯವರು ಪಿತ್ತವೆಂದು ಬಗೆದು ಜೀರಿಗೆ ಕಷಾಯ ಕುಡಿಸುತ್ತಾರೆ. ಅಪಾಯವಿರುವುದು ಇಲ್ಲಿಯೇ. ಗಂಟಲಿನ ಒಂದು ಪಕ್ಕ ಸೋತಿರುವುದರಿಂದ ಕುಡಿಸಿದ್ದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಆಗ ಕಷಾಯ, ಜೇನು, ಮಾತ್ರೆ, ಗುಟುಕು ನೀರು ಯಾವುದೂ ಬೇಡ. ಭಕ್ತಿಯಿಂದ ಕೊಡುವ ಪಾದೋದಕವೂ ಆಸ್ಪತ್ರೆಯಲ್ಲಿ ನುಂಗುವ ಪರೀಕ್ಷೆ ಮುಗಿಯುವವರೆಗೆ ಕಾಯಲಿ.

ಲಕ್ಷಣ ತೋರಿದ ಗಳಿಗೆಯನ್ನು ಬರೆದಿಟ್ಟುಕೊಂಡು ದೊಡ್ಡ ಆಸ್ಪತ್ರೆಗೆ ಧಾವಿಸಿರಿ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿಯಿದೆ. ಮೊದಲ ಸಿ.ಟಿ. ಸ್ಕ್ಯಾನ್ ನಿರ್ದೋಷವೆಂದು ಬಂದರೂ ನಿಶ್ಚಿಂತರಾಗಬಾರದು. ಈ ಭಾಗ ಎಂ.ಆರ್.ಐ.ಯಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅಭ್ಯಂಗ, ಸ್ವೇದನಗಳ ಮಾತು ಅನಂತರದ್ದು. ಆಗಲೂ ಎಣ್ಣೆಯ ಬಿಸಿಯನ್ನು ಆರೈಕೆ ಮಾಡುವವರು ತಮ್ಮ ಕೈಯ ಮೇಲೆಯೇ ನೋಡಬೇಕು. ರೋಗಿಗೆ ಸುಟ್ಟದ್ದು ತಿಳಿಯದು.

ಇದಕ್ಕಿಂತ ವಿರಳವೂ ದಾರುಣವೂ ಆದ ಇನ್ನೊಂದು ಸ್ಥಿತಿಯಿದೆ. ಕಾಂಡದ ನಡುಭಾಗದ ಮುಂಬದಿ ಕೆಟ್ಟಾಗ ನಾಲ್ಕು ಅಂಗಗಳೂ ಮಾತೂ ಒಮ್ಮೆಲೇ ನಿಲ್ಲುತ್ತವೆ. ಕೇಳುವಿಕೆ, ಬುದ್ಧಿ, ನೆನಪು ಉಳಿಯುತ್ತವೆ. 1966ರಲ್ಲಿ ಇದಕ್ಕೆ 'ಲಾಕ್ಡ್-ಇನ್' ಎಂಬ ಹೆಸರು ಬಂದಿತು. ಒಳಗೆ ಸೆರೆಯಾದವನೆಂದು ಅರ್ಥ. ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್-ದೊಮಿನಿಕ್ ಬೋಬಿ 1995ರಲ್ಲಿ ಹೀಗಾದರು. ಅಕ್ಷರಗಳನ್ನು ಒಬ್ಬರು ಓದುತ್ತ ಹೋದಂತೆ ಬೇಕಾದುದಕ್ಕೆ ಎಡಗಣ್ಣು ಮಿಟುಕಿಸಿ ಅವರು ಇಡೀ ಪುಸ್ತಕವನ್ನೇ ಬರೆಸಿದರು.

ನಮ್ಮಲ್ಲಿ ಇಂಥವರ ಮಂಚದ ಬದಿಯಲ್ಲಿಯೇ ಆಸ್ತಿಯ ಮಾತು, ಅಂತ್ಯಕ್ರಿಯೆಯ ಮಾತು ನಡೆಯುವುದುಂಟು. ಹಾಗೆ ಮಾಡದೆ, ಹೆಸರು ಹಿಡಿದು ಕರೆದು, 'ಕೇಳಿಸುತ್ತಿದ್ದರೆ ಮೇಲೆ ನೋಡಿ' ಎಂದು ಹೇಳಿ ತುಸು ಕಾಯಿರಿ. ಕಣ್ಣು ಮೇಲೆ ಸರಿದರೆ ವೈದ್ಯರಿಗೆ ಕೂಡಲೇ ತಿಳಿಸಿರಿ. ನಮ್ಮ ಕಾಗುಣಿತ ದೊಡ್ಡದು. ಆದ್ದರಿಂದ ನೋವು, ಚಳಿ, ಮಗ್ಗುಲು ಬದಲಿಸಿ ಎಂಬಂಥ ಹತ್ತು ಮಾತುಗಳನ್ನು ಹಲಗೆಯ ಮೇಲೆ ಬರೆದು ಒಂದೊಂದಾಗಿ ತೋರಿಸುವುದರಿಂದ ಆರಂಭಿಸಿರಿ.