ಜಯದೇವಕ್ಕೂ ಮೊದಲಿನ ಬಾಗಿಲು

2025ರ ಜುಲೈ ಮೊದಲ ವಾರದಲ್ಲಿ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಬೆಳಗ್ಗೆಯೇ ಜನ ಸಾಲುಗಟ್ಟಿದ್ದರು. ಹಾಸನ ಜಿಲ್ಲೆಯಲ್ಲಿ ಒಂದೂವರೆ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ, ಅದರಲ್ಲೂ ಹರೆಯದವರ ಸಾವು, ಮನೆಮನೆಯಲ್ಲಿ ದಿಗಿಲು ಹುಟ್ಟಿಸಿತ್ತು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಪರಿಶೀಲಿಸಿ, ಅಸಹಜ ಏರಿಕೆಯೇನೂ ಕಂಡಿಲ್ಲ ಎಂದಿತು. ಸತ್ತವರ ಹಿನ್ನೆಲೆಯಲ್ಲಿ ಕಂಡದ್ದು ಹಳೆಯ ಪರಿಚಿತ ಶತ್ರುಗಳೇ: ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು, ಸಿಗರೇಟು, ಮನೆತನದಲ್ಲಿ ಬಂದ ಹೃದ್ರೋಗ.

ಆ ಸಾಲಿನಲ್ಲಿ ನಿಂತ ಬಹಳಷ್ಟು ಜನರಿಗೆ ಬೇಕಿದ್ದ ತಪಾಸಣೆ ಅವರ ತಾಲ್ಲೂಕು ಆಸ್ಪತ್ರೆಯಲ್ಲೇ ಇತ್ತು. ಬಿಪಿ ನೋಡುವುದು, ರಕ್ತ ಪರೀಕ್ಷೆ, ಒಂದು ಇಸಿಜಿ. ಇಸಿಜಿ ‘ನಾರ್ಮಲ್’ ಎಂದು ಬಂದ ಕಾಗದವನ್ನು ಎಷ್ಟೋ ಜನ ವರ್ಷದ ಅಭಯಪತ್ರದಂತೆ ಜೋಪಾನ ಮಾಡುತ್ತಾರೆ. ಅದು ಹೇಳುವುದು ಆ ಕ್ಷಣದ ಸ್ಥಿತಿಯನ್ನು ಮಾತ್ರ. ರಕ್ತನಾಳ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿದ್ದವರಲ್ಲೂ, ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗಿಯೇ ಇರಬಹುದು. ಹೃದಯಾಘಾತದ ಆರಂಭದಲ್ಲೂ ಮೊದಲ ಇಸಿಜಿ ಮೋಸ ಮಾಡುವುದುಂಟು. ಅದಕ್ಕೇ ನೋವು ಮುಂದುವರಿದರೆ ಹದಿನೈದಿಪ್ಪತ್ತು ನಿಮಿಷ ಬಿಟ್ಟು ಮತ್ತೊಮ್ಮೆ ತೆಗೆಯುತ್ತಾರೆ.

ಯಂತ್ರಕ್ಕಿಂತ ಮೊದಲು ಕೆಲಸ ಮಾಡಬೇಕಾದ್ದು ವೈದ್ಯರ ಕಿವಿ. ಜರ್ಮನಿಯ ಸಾಮಾನ್ಯ ವೈದ್ಯರ ಚಿಕಿತ್ಸಾಲಯಗಳಿಗಾಗಿಯೇ ರೂಪಿಸಿದ, ಎದೆನೋವು ಹೃದಯದ್ದಿರಬಹುದೇ ಎಂದು ಅಂದಾಜಿಸುವ ಮಾರ್ಬರ್ಗ್ ಅಂಕಪಟ್ಟಿಯಲ್ಲಿ ಐದೇ ಅಂಶಗಳಿವೆ. ಗಂಡಸಿಗೆ 55, ಹೆಂಗಸಿಗೆ 65 ವರ್ಷ ತುಂಬಿದೆಯೇ? ರಕ್ತನಾಳದ ಕಾಯಿಲೆ ಮೊದಲೇ ಇದೆಯೇ? ಶ್ರಮ ಪಟ್ಟಾಗ ನೋವು ಹೆಚ್ಚುತ್ತದೆಯೇ? ಎದೆ ಒತ್ತಿ ನೋಡಿದಾಗ ಅದೇ ನೋವು ಕಾಣಿಸಿಕೊಳ್ಳದೆ ಹೋಗುತ್ತದೆಯೇ? ಐದನೆಯದು ನನಗೆ ತುಂಬ ಇಷ್ಟ: ಇದು ಹೃದಯದ್ದೇ ಎಂದು ರೋಗಿಗೆ ಅನಿಸುತ್ತಿದೆಯೇ? ‘ಹೌದು’ ಎಂಬ ಒಂದೊಂದು ಉತ್ತರಕ್ಕೂ ಒಂದೊಂದು ಅಂಕ. ರೋಗಿಯ ಅನುಮಾನಕ್ಕೂ ಅಲ್ಲಿ ಬೆಲೆಯಿದೆ.

ನಮ್ಮಲ್ಲಿ ಆ ಐದನೆಯ ಪ್ರಶ್ನೆಯನ್ನು ಜಾಗ್ರತೆಯಿಂದ ಕೇಳಬೇಕು. ಎದೆ ಹಿಡಿದುಕೊಂಡರೆ ‘ಗ್ಯಾಸ್ಟ್ರಿಕ್ ಇರ್ಬೇಕು ಬಿಡಿ’ ಎನ್ನುವುದು ಮನೆಯವರ ಮೊದಲ ಮಾತು. ಸೋಡಾ ಕುಡಿದು, ಜೀರಿಗೆ ಕಷಾಯ ಮಾಡಿ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ಕಾಯುವಷ್ಟರಲ್ಲಿ ಬೆಲೆಕಟ್ಟಲಾಗದ ಮೂರು ನಾಲ್ಕು ಗಂಟೆ ಕಳೆದಿರುತ್ತದೆ. ಹೆಂಗಸರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ನೋವೇ ಕಾಣಿಸದೆ ಹೃದಯಾಘಾತ ಬರೀ ಸುಸ್ತು, ಬೆವರು, ಉಬ್ಬಸ, ವಾಕರಿಕೆಯಾಗಿ ಬರುವುದಿದೆ. ಮನೆಕೆಲಸದ ಆಯಾಸವೆಂದು ಅಡುಗೆಮನೆಯಲ್ಲೇ ಕುಳಿತ ತಾಯಂದಿರನ್ನು ನೆನೆದರೆ ಸಂಕಟವಾಗುತ್ತದೆ.

ಎದೆನೋವೆಂದು ಆಸ್ಪತ್ರೆಗೆ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆನ್ನುವುದು ವೈದ್ಯಕೀಯ ನಿಯಮ. ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಕೆಲವೇ ನಿಮಿಷಗಳಲ್ಲಿ ದೊಡ್ಡ ಕೇಂದ್ರದ ತಜ್ಞರ ಕಣ್ಣಿಗೆ ಬೀಳುತ್ತದೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದರ ಬೆಲೆ ಸಾವಿರಗಳಲ್ಲಿ. ಸ್ಟೆಂಟ್ ಹಾಕುವ ಆಸ್ಪತ್ರೆ ಎರಡು ಗಂಟೆ ದಾಟಿದ ದೂರದಲ್ಲಿದ್ದರೆ ಈ ಚುಚ್ಚುಮದ್ದೇ ಹೃದಯದ ಸ್ನಾಯುವನ್ನು ಉಳಿಸುತ್ತದೆ. ತಾಲ್ಲೂಕು ಆಸ್ಪತ್ರೆ ದಾಟಿ ನೇರವಾಗಿ ಬೆಂಗಳೂರಿಗೆ ಕಾರು ಓಡಿಸುವವರು ಇದನ್ನು ತಿಳಿದಿರಬೇಕು.

ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಮರಳಿದ ಮೇಲಿನ ಬದುಕು ಮತ್ತೆ ಸ್ಥಳೀಯ ವೈದ್ಯರ ಕೈಗೇ ಬರುತ್ತದೆ. ಈ ಭಾಗವನ್ನು ನಾವು ತೀರಾ ಅಲಕ್ಷಿಸಿದ್ದೇವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಹೃದಯಾಘಾತವಾದವರಿಗೆ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ‘ಈಗ ಚೆನ್ನಾಗಿದ್ದೀನಿ’ ಎಂದು ಮೂರನೇ ತಿಂಗಳಿಗೆ ತಾವಾಗಿಯೇ ನಿಲ್ಲಿಸಿದವರಿಗೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಕೊಲೆಸ್ಟರಾಲ್ ಮಾತ್ರೆ ಮುಂದುವರಿಯಲೇಬೇಕು. ಬೀಡಿ ಬಿಡಬೇಕು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಉಪ್ಪಿನಕಾಯಿ, ಹಪ್ಪಳದ ಲೆಕ್ಕವೂ ಸೇರಿ. ಹೃದಯ ದುರ್ಬಲಗೊಂಡವರು ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆಯೆಂದು ಕೂಡಲೇ ವೈದ್ಯರನ್ನು ಕಾಣಬೇಕು.

ಇವೆಲ್ಲ ನಡೆಯಬೇಕಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆಯ ದಾಸ್ತಾನು ತಪ್ಪಬಾರದು. ರಾತ್ರಿ ಎರಡಕ್ಕೆ ಬಂದವರಿಗೂ ಇಸಿಜಿ ತೆಗೆಯುವ ಒಬ್ಬರು ಅಲ್ಲಿ ಇರಬೇಕು. ಹಾಸನದ ಆತಂಕದ ದಿನಗಳಲ್ಲಿ ನಾವು ಜೋರಾಗಿ ಕೇಳಬೇಕಿದ್ದದ್ದು ಇದನ್ನು. ಈಗಲೂ ಕೇಳಬಹುದು, ಗ್ರಾಮಸಭೆಯಲ್ಲೇ.