ಸಣ್ಣ ವಿಮಾನದ ಗಂಟಲಲ್ಲಿ ಮಂಜುಗಡ್ಡೆ

ಮಳೆಗಾಲದಲ್ಲಿ ಆಳಿಯಾರಿನಿಂದ 40 ತಿರುವು ಹತ್ತಿ ವಾಲ್ಪಾರೈ ಸೇರುವಷ್ಟರಲ್ಲಿ ಅಂಗಿ ತೇವವಾಗಿರುತ್ತದೆ. ನಾವು ಮಂಜು ಎನ್ನುವ, ನೆರೆಮನೆಯವರು ಪನಿ ಎನ್ನುವ ಆ ತಂಪು ಚಹಾ ಗಿಡಕ್ಕೆ ಹಿತ. ಸ್ವಂತದ್ದೊಂದು ಸಣ್ಣ ಪೆಟ್ರೋಲ್ ವಿಮಾನ ಇಟ್ಟುಕೊಂಡವರಿಗೆ ಮಾತ್ರ ಅಂಥ ಗಾಳಿ ಅಪಾಯದ್ದು.

ಎಂಥ ವಿಮಾನ ಎನ್ನುತ್ತೀರಾ? ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯ 'ಪುಷ್ಪಕ್' 1958ರಲ್ಲಿ ಮೊದಲು ಹಾರಿತು. ಇಬ್ಬರು ಕೂರುವ, 90 ಅಶ್ವಶಕ್ತಿಯ ವಿಮಾನ. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಅದರಲ್ಲೇ ಹಾರಲು ಕಲಿತರು. ಇಂಥ ಎಂಜಿನ್ನಿಗೂ ಹಳೆಯ ಮೋಟಾರ್ ಸೈಕಲ್ಲಿನಂತೆ ಕಾರ್ಬ್ಯುರೇಟರ್. ಅಂಗೈಗೆ ಪೆಟ್ರೋಲ್ ತಾಗಿದರೆ ತಣ್ಣಗಾಗುತ್ತದಲ್ಲ, ಹಾಗೆಯೇ ಅದರ ಕಿರಿದಾದ ಗಂಟಲಲ್ಲಿ ಪೆಟ್ರೋಲ್ ಆವಿಯಾಗುವಾಗ ಉಷ್ಣತೆ 20 ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ ಹಿತವಾದ ಹವೆ, ಒಳಗೆ ಮಂಜುಗಡ್ಡೆ! ದಾರಿ ಕಟ್ಟಿ ಎಂಜಿನ್ನಿಗೆ ಉಸಿರುಗಟ್ಟುತ್ತದೆ.

ಇದಕ್ಕೆ ಮದ್ದು 'ಕಾರ್ಬ್ಯುರೇಟರ್ ಹೀಟ್' ಎಂಬ ಹಿಡಿ. ಎಳೆದರೆ, ಹೊಗೆಕೊಳವೆಯ ಸುತ್ತ ಕಾದ ಗಾಳಿ ಒಳನುಗ್ಗುತ್ತದೆ. ಕರಗಿದ ನೀರು ಕುಡಿದು ಎಂಜಿನ್ ಮೊದಲು ಇನ್ನಷ್ಟು ಕೆಮ್ಮುತ್ತದೆ. ಹೊಸಬರು ಹೆದರಿ ಹಿಡಿಯನ್ನು ವಾಪಸ್ ತಳ್ಳುವುದು ಇಲ್ಲೇ. ತಳ್ಳಬಾರದು, ಕೆಮ್ಮು ನಿಲ್ಲುವವರೆಗೆ ಕಾಯಬೇಕು. ತಡಮಾಡಿ ಎಳೆದರೂ ಕಷ್ಟ. ಎಂಜಿನ್ ನಿಂತೇಹೋದರೆ ಕೊಳವೆಯಲ್ಲಿ ಬಿಸಿ ಎಲ್ಲಿಯದು?

ಹಿಡಿಯ ತಂತಿ ಸಡಿಲವಾಗದಂತೆ, ಬಿಸಿಗಾಳಿಯ ಕೊಳವೆ ಹರಿಯದಂತೆ ನೋಡಿಸಿಕೊಳ್ಳುವುದು ಮಾಲೀಕನ ಹೊಣೆ. ಹಾರುವ ಮುನ್ನ ನೆಲದಲ್ಲೇ ಒಮ್ಮೆ ಎಳೆದು ನೋಡಬೇಕು. ಎಂಜಿನ್ನಿನ ಸುತ್ತು ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಬಿಸಿಗಾಳಿ ಬರುತ್ತಿಲ್ಲವೆಂದೇ ಅರ್ಥ. ಮೆಕ್ಯಾನಿಕ್ ಬಂದು ನೋಡುವವರೆಗೆ ವಿಮಾನ ಶೆಡ್ಡಿನಲ್ಲೇ ಇರಲಿ.