ಗಣಕಯಂತ್ರದೊಳಗಿನ ಕಾವಲು
ಚಿತ್ರದುರ್ಗ ಸೀಮೆಯ ವೀಕ್ಷಕರಿಗೆ ಅಮೃತಮಹಲ್ ಕಾವಲು ಹೊಸದಲ್ಲ. ಖಾಲಿ ಕಂಡರೂ ಅದು ದನಗಳಿಗೆ ಮೀಸಲು, ಉಳುವಂತಿಲ್ಲ. ಗಣಕಯಂತ್ರದ ಮೆಮೊರಿಯಲ್ಲೂ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶಕ್ಕೆ ಮೀಸಲಾದ ಜಾಗವಿದೆ. ಯಂತ್ರ ಚಾಲೂ ಆದಾಗ ಫರ್ಮ್‌ವೇರೇ ಆ ಜಾಗದ ನಕ್ಷೆಯನ್ನು ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಕೊಡುತ್ತದೆ.

ಲಿನಕ್ಸ್‌ಗೆ 2005ರಲ್ಲಿ ಸೇರಿದ 'ಕೆಎಕ್ಸೆಕ್' ವಿಧಾನದಲ್ಲಿ ಹಳೆಯ ಕರ್ನಲ್ ನೇರವಾಗಿ ಹೊಸ ಕರ್ನಲ್‌ಗೆ ಅಧಿಕಾರ ಒಪ್ಪಿಸುತ್ತದೆ. ಫರ್ಮ್‌ವೇರ್ ಮತ್ತೆ ಮೊದಲಿನಿಂದ ಶುರುವಾಗುವುದಿಲ್ಲ. ಸಮಯವೇನೋ ಉಳಿಯಿತು. ನಕ್ಷೆ? ಅದನ್ನು ಹಳೆಯ ಕರ್ನಲ್ಲೇ ದಾಟಿಸಬೇಕು. ಒಂದು ಮೀಸಲು ತುಂಡು ಬಿಟ್ಟುಹೋದರೂ ಹೊಸದು ಅಲ್ಲಿ ತನ್ನ ದತ್ತಾಂಶ ಬರೆದುಬಿಡಬಹುದು. ಯಂತ್ರ ತಕ್ಷಣ ನಿಂತರೆ ಪುಣ್ಯ. ಕೆಲವೊಮ್ಮೆ ಬಹಳ ಹೊತ್ತು ಓಡಿ ಆಮೇಲೆ ಕುಸಿಯುತ್ತದೆ, ಕಾರಣ ಹುಡುಕುವುದೇ ಕಷ್ಟ.

ಬೆಂಗಳೂರಿನ ಐಬಿಎಂ ಎಂಜಿನಿಯರುಗಳೂ ಸೇರಿ ರೂಪಿಸಿದ 'ಕೆಡಂಪ್' ಇದೇ ವಿಧಾನದ ಮೇಲೆ ನಿಂತಿದೆ. ಅದು ಮೊದಲೇ ಸ್ವಲ್ಪ ಮೆಮೊರಿ ಕಾದಿರಿಸುತ್ತದೆ. ಕರ್ನಲ್ ಕುಸಿದಾಗ ಅಲ್ಲಿಂದಲೇ ಎರಡನೆಯ ಕರ್ನಲ್ ಎದ್ದು, ಕುಸಿತದ ಸಾಕ್ಷ್ಯವನ್ನು ಉಳಿಸಿಡುತ್ತದೆ.